ಪ್ಲೇಗಿನ ನೆಪದಲ್ಲಿ ಎದ್ದ ಊರು

ಕೇಪ್‌ಟೌನ್ ವಿಮಾನ ನಿಲ್ದಾಣದಿಂದ ಪೇಟೆಗೆ ಬರುವ ಎನ್‌2 ಹೆದ್ದಾರಿಯಲ್ಲಿ ಲಂಗಾ ಬಲಗಡೆಗೆ ಸಿಗುತ್ತದೆ. ಸಾಲಾಗಿ ನಿಂತ ಹೊಸ ವಸತಿ ಕಟ್ಟಡಗಳು, ಅವುಗಳ ಹಿಂದೆ ತಗ್ಗು ಛಾವಣಿಗಳು, ಕಂಬಗಳು, ತಂತಿಗಳು. ಒಂದೆರಡು ನಿಮಿಷದಲ್ಲಿ ಎಲ್ಲವೂ ಹಿಂದೆ ಸರಿದುಬಿಡುತ್ತವೆ. ಎದುರಿಗೆ ಟೇಬಲ್ ಮೌಂಟನ್ ನಿಂತಿರುವುದರಿಂದ ಹೊಸಬರ ಕಣ್ಣು ಈ ಕಡೆ ಹೊರಳುವುದು ಕಡಿಮೆ. ಪೇಟೆಯಿಂದ ಹನ್ನೊಂದು ಹನ್ನೆರಡು ಕಿಲೋಮೀಟರ್ ಇರಬಹುದು, ಅಷ್ಟೇ.

ನಾನು ಇಲ್ಲಿಗೆ ಬಂದದ್ದು ಒಂದು ಇಸವಿಯ ಕಾರಣಕ್ಕೆ. ದಕ್ಷಿಣ ಆಫ್ರಿಕದ ವರ್ಣಭೇದ ನೀತಿ 1948ರಲ್ಲಿ ಶುರುವಾಯಿತು ಎಂದು ಓದಿಕೊಂಡು ಬೆಳೆದವರು ನಾವು. ಲಂಗಾ ತೆರೆದದ್ದು 1927ರಲ್ಲಿ. ಕೇಪ್‌ಟೌನಿನಲ್ಲಿ ಕಪ್ಪು ಜನರಿಗೆಂದು ಕಟ್ಟಿದ, ಇಂದಿಗೂ ಜನವಸತಿ ಇರುವ ಟೌನ್‌ಶಿಪ್‌ಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು. ಹಾಗಾದರೆ ಆ ಹೆಸರಿನ ನೀತಿ ಬರುವ ಮೊದಲೇ ಜನರನ್ನು ಬಣ್ಣದ ಮೇಲೆ ಬೇರೆಮಾಡಿ ಒಂದು ಊರನ್ನೇ ಕಟ್ಟಿದವರು ಯಾರು, ಯಾವ ಕಾರಣ ಕೊಟ್ಟು? ಪುಸ್ತಕದಲ್ಲಿ ಓದಿದ್ದನ್ನು ನೆಲದ ಮೇಲೆ ನಡೆದು ನೋಡಬೇಕು ಅನ್ನಿಸಿತ್ತು.

ಜೊತೆಗೆ ಬಂದವರು ಅಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರು. ವಯಸ್ಸಾದ ಗಂಡಸರನ್ನು ಅಲ್ಲಿ ‘ಟಾಟಾ’ ಎಂದು ಕರೆಯುವುದು ರೂಢಿ. ನಾನೂ ಹಾಗೇ ಕರೆದೆ. ನಡಿಗೆ ಶುರುವಾಗುವ ಮೊದಲೇ ಅವರು ನನ್ನನ್ನು ಒಂದು ಎತ್ತರದ ಜಾಗಕ್ಕೆ ಕರೆದುಕೊಂಡು ಹೋಗಿ ನಾಲ್ಕೂ ದಿಕ್ಕು ತೋರಿಸಿದರು. ದಕ್ಷಿಣಕ್ಕೆ ಹೆದ್ದಾರಿ. ಪೂರ್ವಕ್ಕೆ ಇನ್ನೊಂದು ಅಗಲ ರಸ್ತೆ. ಉತ್ತರಕ್ಕೆ ರೈಲು ಹಳಿ, ಹಳಿಯಾಚೆ ಕಾರ್ಖಾನೆಗಳು. ಪಶ್ಚಿಮಕ್ಕೆ ಹಳೆಯ ಉಷ್ಣ ವಿದ್ಯುತ್ ಸ್ಥಾವರ ಇದ್ದ ಬಯಲು. “ಒಳಗೆ ಬರೋಕೆ ದಾರಿ ಎಷ್ಟು ಕಾಣಿಸ್ತವೆ, ಎಣಿಸಿ ನೋಡಿ” ಎಂದರು. ಈಗ ಕೆಲವು ದಾರಿಗಳಿವೆ. ಆದರೂ ಇಷ್ಟು ಜನರಿರುವ ಊರಿಗೆ ಅವು ಬಹಳ ಕಡಿಮೆ. ಮೊದಲು ಒಂದೇ ಇತ್ತಂತೆ, ಅದರ ಪಕ್ಕದಲ್ಲೇ ಅಧಿಕಾರಿಯ ಕಚೇರಿ. ಗೋಡೆ ಕಟ್ಟಿರಲಿಲ್ಲ, ಕಟ್ಟುವ ಅಗತ್ಯವೂ ಇರಲಿಲ್ಲ. ರೈಲು, ರಸ್ತೆ, ಕಾರ್ಖಾನೆ, ಬಯಲು ಇವೇ ಗೋಡೆಯ ಕೆಲಸ ಮಾಡುವಂತೆ ನಕ್ಷೆ ಬರೆದಿದ್ದರು. ಜನ ದಂಗೆ ಎದ್ದರೆ ಆ ಒಂದು ಬಾಯಿಗೆ ಪೊಲೀಸರನ್ನು ನಿಲ್ಲಿಸಿದರೆ ಸಾಕು. ಹೀಗೆ ನಿಲ್ಲಿಸಿದ್ದೂ ಉಂಟು. ಆ ಮಾತು ಮುಂದೆ ಬರುತ್ತದೆ.

ಅಲ್ಲಿಂದ ವಾಷಿಂಗ್ಟನ್ ಬೀದಿಗೆ ಇಳಿದೆವು. ಇದು ಲಂಗಾದ ಮುಖ್ಯ ಬೀದಿ. ಅಂಗಡಿ, ಮೊಬೈಲ್ ರಿಪೇರಿ, ಕ್ಷೌರದ ಗೂಡು, ಹಾರ್ನ್ ಹೊಡೆಯುತ್ತ ಜನರನ್ನು ಕೂಗುವ ಮಿನಿ ಬಸ್ ಟ್ಯಾಕ್ಸಿಗಳು. ಬೀದಿಯ ಬದಿಗೆ ಒಂದೇ ಅಂತಸ್ತಿನ, ಸರ್ಕಾರಿ ಕಚೇರಿಯ ಲಕ್ಷಣವಿರುವ ಹಳೆಯ ಕಟ್ಟಡ. ಒಂದು ಕಾಲಕ್ಕೆ ಇದು, ಕಪ್ಪು ಜನ ಊರಿನಲ್ಲಿರಲು ಹೊತ್ತಿರಬೇಕಿದ್ದ ಪಾಸುಗಳ ಕಚೇರಿ ಮತ್ತು ಪಾಸ್ ಕೋರ್ಟು. ಈಗ ಪುಟ್ಟ ವಸ್ತುಸಂಗ್ರಹಾಲಯ. ಒಳಗೆ ಹಳೆಯ ಫೋಟೋಗಳು, ಕಾಗದಗಳು, ಪಾಸ್ ಪುಸ್ತಕಗಳು. ದೊಡ್ಡ ಸಂಗ್ರಹವೇನಲ್ಲ. ಆದರೆ ವಸ್ತುಗಳಿಗಿಂತ ಕಟ್ಟಡವೇ ಮುಖ್ಯ ಇಲ್ಲಿ, ಏಕೆಂದರೆ ನಡೆದದ್ದು ಇದೇ ಕೋಣೆಗಳಲ್ಲಿ.

ಹಳೆಯ ಫೋಟೋಗಳ ಮುಂದೆ ನಿಂತು ಟಾಟಾ ಕಥೆ ಶುರುಮಾಡಿದರು. ಅದು ಲಂಗಾದಿಂದಲ್ಲ, ಹಡಗುಕಟ್ಟೆಯಿಂದ ಶುರುವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೇಪ್‌ಟೌನಿನ ಬಂದರಿನಲ್ಲಿ ಮೂಟೆ ಹೊರಲು ಪೂರ್ವದ ಹಳ್ಳಿಗಳಿಂದ ಖೋಸಾ ಮಾತಾಡುವ ಗಂಡಸರು ಸಾವಿರಗಟ್ಟಲೆ ಬಂದಿದ್ದರು. ಕೆಲವರು ಬಂದರಿನ ಬ್ಯಾರಕ್ಕುಗಳಲ್ಲಿ, ಉಳಿದವರು ಪೇಟೆಗೆ ಅಂಟಿಕೊಂಡ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆಯಲ್ಲಿ, ಎಲ್ಲ ಬಣ್ಣದ ಬಡವರ ನಡುವೆ ಬಾಡಿಗೆಗೆ ಇದ್ದರು. 1899ರಲ್ಲಿ ಬ್ರಿಟಿಷರಿಗೂ ಬೋಯರ್‌ರಿಗೂ ಯುದ್ಧ ಹತ್ತಿತು. ದಂಡಿನ ಕುದುರೆಗಳಿಗೆ ಮೇವು ದಕ್ಷಿಣ ಅಮೆರಿಕದಿಂದ ಹಡಗಿನಲ್ಲಿ ಬರತೊಡಗಿತು. ಮೇವಿನ ಜೊತೆ ಇಲಿ ಬಂತು, ಇಲಿಯ ಜೊತೆ ಪ್ಲೇಗು. 1901ರ ಫೆಬ್ರವರಿಯಲ್ಲಿ ಬಂದರಿನ ಕೂಲಿಗಳಿಗೆ ರೋಗ ಕಾಣಿಸಿಕೊಂಡಿತು. ಮೇವಿನ ಮೂಟೆ ಹೊತ್ತವರಿಗೆ ಮೊದಲು ತಗುಲಿದ್ದರಲ್ಲಿ ಆಶ್ಚರ್ಯವೇನಿದೆ? ಆದರೆ ಊರಿನ ಅಧಿಕಾರಿಗಳು ಅದನ್ನು ಓದಿಕೊಂಡ ರೀತಿ ಬೇರೆ. ರೋಗ ಇರುವುದು ಆ ಜನರಲ್ಲಿ, ಆ ಜನರನ್ನು ಊರಾಚೆ ಹಾಕಿದರೆ ರೋಗವೂ ಆಚೆ ಹೋಗುತ್ತದೆ.

ಮಾರ್ಚ್ 12ರಂದು ಸಾಗಣೆ ಶುರು. ಸಾರ್ವಜನಿಕ ಆರೋಗ್ಯದ ಕಾನೂನು ಹಿಡಿದು, ಶಸ್ತ್ರಧಾರಿ ಕಾವಲಿನಲ್ಲಿ ಆರೇಳು ಸಾವಿರ ಕಪ್ಪು ಜನರನ್ನು ಊರಾಚೆ ಯೂಟ್‌ಫ್ಲುಖ್ಟ್ ಎಂಬ ಸರ್ಕಾರಿ ಅರಣ್ಯ ಜಮೀನಿಗೆ ಸಾಗಿಸಿದರು. ಅಲ್ಲಿ ಇದ್ದದ್ದು ತಗಡಿನ ಗುಡಿಸಲು. ಮುಂದೆ ಆ ಜಾಗಕ್ಕೆ ನ್ಡಬೇನಿ ಎಂದು ಹೆಸರಾಯಿತು. ಆ ವರ್ಷ ಊರಿನಲ್ಲಿ ಒಟ್ಟು ಸುಮಾರು 800 ಮಂದಿಗೆ ಪ್ಲೇಗು ತಗುಲಿತು, ಹತ್ತಿರ ಹತ್ತಿರ ಅರ್ಧದಷ್ಟು ಜನ ಸತ್ತರು. ಅವರಲ್ಲಿ ಕಪ್ಪು ಜನರ ಪಾಲು ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ಕಲರ್ಡ್ ಎಂದು ವಿಂಗಡಿಸಲಾಗಿದ್ದ ಮಿಶ್ರ ಮೂಲದವರಲ್ಲೇ ರೋಗ ಹೆಚ್ಚು ಹಬ್ಬಿದ್ದು. ಬಿಳಿಯ ರೋಗಿಗಳೂ ಕಡಿಮೆ ಇರಲಿಲ್ಲ. ಆದರೆ ಹೀಗೆ ಸಾರಾಸಗಟಾಗಿ ಊರು ಬಿಡಿಸಿದ್ದು ಕಪ್ಪು ಜನರನ್ನು ಮಾತ್ರ. ಈ ಅಂಕಿಗಳನ್ನು ಓದಿದ ಮೇಲೆ ಆರೋಗ್ಯದ ಕಾರಣ ನಂಬುವುದು ನನಗಂತೂ ಸಾಧ್ಯವಾಗಲಿಲ್ಲ. ಕಾರಣ ಮೊದಲೇ ಸಿದ್ಧವಿತ್ತು, ಪ್ಲೇಗು ಅದಕ್ಕೆ ದಿನ ಗೊತ್ತುಮಾಡಿಕೊಟ್ಟಿತು.

ಇಲ್ಲಿ ನಿಂತಾಗ ಬೆಂಗಳೂರು ನೆನಪಾಗದೆ ಇರಲಿಲ್ಲ. ಅದೇ ಮಹಾಮಾರಿಯ ಅಲೆ 1894ರಲ್ಲಿ ಹಾಂಗ್‌ಕಾಂಗ್, 1896ರಲ್ಲಿ ಮುಂಬಯಿ ಮುಟ್ಟಿ, 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದಿತ್ತು. ಪೇಟೆಯ ಇಕ್ಕಟ್ಟಿನಿಂದ ಹೊರಗೆ ಗಾಳಿ ಬೆಳಕಿನ ಬಡಾವಣೆ ಬೇಕು ಎಂದು ಬಸವನಗುಡಿ, ಮಲ್ಲೇಶ್ವರ ಎದ್ದವು. ಅಲ್ಲೂ ನಿವೇಶನ ಹಂಚುವಾಗ ಜಾತಿಯ ಲೆಕ್ಕ ಇತ್ತು. ಪ್ಲೇಗಮ್ಮನ ಗುಡಿಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಎರಡನ್ನೂ ಒಂದೇ ಎಂದು ಹೇಳಲಾರೆ: ಬಸವನಗುಡಿಗೆ ಹೋದವರು ನಿವೇಶನ ಕೊಂಡು ಹೋದರು, ನ್ಡಬೇನಿಗೆ ಹೋದವರನ್ನು ಕೋವಿ ತೋರಿಸಿ ಸಾಗಿಸಿದರು. ಆದರೂ ರೋಗ, ಶುಚಿ, ಗಾಳಿ ಬೆಳಕು ಎಂಬ ಒಳ್ಳೆಯ ಮಾತುಗಳು ಯಾರು ಎಲ್ಲಿ ಇರಬೇಕು ಎಂಬ ಹಳೆಯ ಲೆಕ್ಕಾಚಾರಕ್ಕೆ ಹೊಸ ಬಟ್ಟೆ ತೊಡಿಸಿದ್ದು ಎರಡು ಕಡೆಯೂ ನಿಜ. ಊರಾಚೆಯ ಕೇರಿಯನ್ನು ಕಂಡು ಬೆಳೆದ ನಮಗೆ ಇದು ಅಷ್ಟೇನೂ ದೂರದ ಕಥೆಯಲ್ಲ.

ನ್ಡಬೇನಿಯ ಜನ ಸುಮ್ಮನೆ ಕೂರಲಿಲ್ಲ. ಪೇಟೆಯಲ್ಲಿ ಇದ್ದಾಗ ಕೆಲಸಕ್ಕೆ ನಡೆದೇ ಹೋಗುತ್ತಿದ್ದವರಿಗೆ ಈಗ ತಗಡಿನ ಗುಡಿಸಲಿಗೆ ಬಾಡಿಗೆ, ಬಂದರಿಗೆ ಹೋಗಿ ಬರಲು ರೈಲಿನ ದುಡ್ಡು. ಬಾಡಿಗೆ ಕೊಡುವುದಿಲ್ಲ ಎಂದರು. ರೈಲು ಹತ್ತುವುದಿಲ್ಲ ಎಂದರು. ನಮ್ಮನ್ನು ಇಲ್ಲಿ ಇಟ್ಟುಕೊಳ್ಳಲು ಯಾವ ಕಾನೂನಿದೆ ಎಂದು ಕೋರ್ಟಿನಲ್ಲಿ ಕೇಳಿದರು. ಪ್ಲೇಗಿನ ಕಾಲಕ್ಕೆಂದು ಮಾಡಿದ ಏರ್ಪಾಡಿಗೆ ಪ್ಲೇಗು ಹೋದಮೇಲೆ ಆಧಾರವೇ ಇರಲಿಲ್ಲ. ಹಾಗಾಗಿ 1902ರಲ್ಲಿ ಕಪ್ಪು ಜನರ ಮೀಸಲು ವಸತಿಗಳಿಗೆಂದೇ ಹೊಸದೊಂದು ಕಾನೂನು ಬಂತು. ರೋಗ ಮುಗಿಯಿತು, ವಸತಿ ಖಾಯಂ ಆಯಿತು.

ಎರಡನೆಯ ಸಾಗಣೆಯೇ ಲಂಗಾ. 1918ರಲ್ಲಿ ಇನ್‌ಫ್ಲುಯೆಂಜಾ ಕೇಪ್‌ಟೌನನ್ನು ಅಪ್ಪಳಿಸಿದಾಗ ಮತ್ತೆ ಅದೇ ಮಾತೆದ್ದಿತು: ಇಕ್ಕಟ್ಟು, ಕೊಳಕು, ಅಪಾಯ. ಅಷ್ಟರಲ್ಲಿ ನ್ಡಬೇನಿ ತುಂಬಿ ತುಳುಕುತ್ತಿತ್ತು, ಊರೂ ಅದರ ಬುಡದವರೆಗೆ ಬೆಳೆದು ಬಂದಿತ್ತು. 1923ರಲ್ಲಿ ನಗರಗಳಲ್ಲಿ ಕಪ್ಪು ಜನರನ್ನು ಪ್ರತ್ಯೇಕ ವಸತಿಗಳಲ್ಲಿಡಲು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ಬಂತು. ಹೊಸ ಊರಿಗೆ ಹ್ಲುಬಿ ಜನರ ದೊರೆಯೊಬ್ಬನ ಹೆಸರಿಟ್ಟರು. ಬ್ರಿಟಿಷರ ವಿರುದ್ಧ ನಿಂತದ್ದಕ್ಕೆ 1870ರ ದಶಕದಲ್ಲಿ ರಾಬೆನ್ ದ್ವೀಪದಲ್ಲೂ ಆಮೇಲೆ ಇದೇ ಯೂಟ್‌ಫ್ಲುಖ್ಟ್ ಜಮೀನಿನಲ್ಲೂ ಸೆರೆಯಿದ್ದವನು ಆತ. ಸೆರೆಯಾಳಿನ ಹೆಸರನ್ನು ಸರ್ಕಾರವೇ ಈ ಊರಿಗೆ ಇಟ್ಟದ್ದನ್ನು ಗೌರವ ಎನ್ನಬೇಕೋ ಮತ್ತೇನೋ ಎಂದು ನಾನು ಟಾಟಾರನ್ನು ಕೇಳಿದೆ. “ಅವರು ಏನಂತ ಇಟ್ಟರೋ, ನಾವು ಗೌರವ ಅಂತಲೇ ಇಟ್ಟುಕೊಂಡಿದ್ದೀವಿ” ಎಂದರು.

ನ್ಡಬೇನಿಯಿಂದ ಲಂಗಾಕ್ಕೆ ಬರಲು ಜನ ಒಪ್ಪಲಿಲ್ಲ. ಇನ್ನೂ ದೂರ, ಬಾಡಿಗೆ ಇನ್ನೂ ಜಾಸ್ತಿ, ಕಾವಲು ಇನ್ನೂ ಬಿಗಿ. ಇಪ್ಪತ್ತೈದು ವರ್ಷ ಬದುಕಿ ಆ ತಗಡಿನ ಬೀದಿಗಳನ್ನೇ ಅವರು ಊರು ಮಾಡಿಕೊಂಡಿದ್ದರು. ಪೂರ್ತಿ ಖಾಲಿ ಮಾಡಿಸಲು 1936ರ ತನಕ ಹಿಡಿಯಿತು. ಅಂದರೆ ಲಂಗಾದ ಮೊದಲ ಮನೆಗಳಿಗೆ ಬಂದವರು ಎರಡನೆಯ ಸಲ ಎತ್ತಂಗಡಿಯಾದವರು. ಒಂದೇ ಆಯಸ್ಸಿನಲ್ಲಿ ಎರಡು ಸಲ ಸಾಮಾನು ಕಟ್ಟಿದ ಮುದುಕಿಯರು ಅವರಲ್ಲಿ ಎಷ್ಟು ಜನ ಇದ್ದಿರಬೇಕು!

ಮುಂದಿನ ಕೋಣೆಗೆ ದಾಟಿದೆವು. ಕೋರ್ಟು ನಡೆಯುತ್ತಿದ್ದದ್ದು ಇಲ್ಲಿ. ಚಿಕ್ಕದು. ಗಾಜಿನ ಕೆಳಗಿದ್ದ ಪಾಸ್ ಪುಸ್ತಕವನ್ನು ಬಹಳ ಹೊತ್ತು ನೋಡಿದೆ. ಹೊತ್ತವರ ಜೇಬಿನಲ್ಲೇ ಸವೆದ ಅಂಚು. ಫೋಟೋ, ಹೆಸರು, ಜನಾಂಗ, ಕೆಲಸ ಕೊಟ್ಟವರ ಸಹಿ. ಹಳೆಯ ಬಗೆಬಗೆಯ ಪಾಸುಗಳನ್ನೆಲ್ಲ ಸೇರಿಸಿ 1952ರ ಕಾನೂನು ಇದನ್ನು ಒಂದೇ ಪುಸ್ತಕ ಮಾಡಿತು. ಆ ಕಾನೂನಿನ ಹೆಸರು ಪಾಸುಗಳನ್ನು ರದ್ದುಮಾಡುವ ಕಾಯ್ದೆ ಎಂದಿತ್ತು! ಮೊದಲು ಗಂಡಸರು, ಆಮೇಲೆ ಹೆಂಗಸರೂ ಇದನ್ನು ಸದಾ ಹೊತ್ತಿರಬೇಕು. ಊರಿನಲ್ಲಿ ಇರುವ ಹಕ್ಕು ಯಾರಿಗಿತ್ತು ಎಂದರೆ, ಅಲ್ಲೇ ಹುಟ್ಟಿ ಬಿಡದೆ ಅಲ್ಲೇ ಇದ್ದವರಿಗೆ, ಒಬ್ಬನೇ ಧಣಿಯ ಬಳಿ ಹತ್ತು ವರ್ಷ ದುಡಿದವರಿಗೆ, ಇಲ್ಲವೇ ಹದಿನೈದು ವರ್ಷ ಕಾನೂನು ಪ್ರಕಾರ ನೆಲೆಸಿದ್ದವರಿಗೆ, ಮತ್ತು ಅಂಥವರ ಹೆಂಡತಿ ಮಕ್ಕಳಿಗೆ. ಉಳಿದವರು 72 ಗಂಟೆ ಮೀರಿ ಇರುವಂತಿಲ್ಲ. ಹಳ್ಳಿಯಿಂದ ಗಂಡನನ್ನು ನೋಡಲು ಬಂದ ಹೆಂಡತಿ ನಾಲ್ಕನೆಯ ದಿನ ಅಪರಾಧಿ.

ಕೇಪ್ ಪ್ರಾಂತದಲ್ಲಿ ಇದು ಇನ್ನೂ ಕಠಿಣ. 1955ರಿಂದ ಇಲ್ಲಿ ಕಲರ್ಡ್ ಜನರಿಗೆ ಕೆಲಸದಲ್ಲಿ ಮೊದಲ ಆದ್ಯತೆ, ಕಪ್ಪು ಜನರನ್ನು ಮೆಲ್ಲಗೆ ಇಡೀ ಪಶ್ಚಿಮ ಕೇಪ್‌ನಿಂದಲೇ ಖಾಲಿ ಮಾಡಿಸುವ ಧೋರಣೆ. ಆದ್ದರಿಂದ ಈ ಕೋಣೆ ಯಾವತ್ತೂ ತುಂಬಿರುತ್ತಿತ್ತು. ರಾತ್ರಿ ಹಿಡಿದವರನ್ನು ಬೆಳಿಗ್ಗೆ ಇಲ್ಲಿಗೆ ತರುವುದು, ನಿಮಿಷಗಳಲ್ಲಿ ವಿಚಾರಣೆ, ದಂಡ ಅಥವಾ ಜೈಲು ಅಥವಾ ಹಳ್ಳಿಗೆ ರವಾನೆ. ಅಪರಾಧ ಏನೆಂದರೆ ಇಲ್ಲಿ ಇದ್ದದ್ದು. ಬೇರೇನೂ ಇಲ್ಲ. ಈ ಕಾನೂನು ಹೋದದ್ದು 1986ರಲ್ಲಿ. ನನ್ನ ವಯಸ್ಸಿನವರು ಶಾಲೆಗೆ ಹೋಗುತ್ತಿದ್ದ ಕಾಲ ಅದು ಎಂಬುದು ಆ ಕೋಣೆಯಲ್ಲಿ ನಿಂತಾಗ ಹೊಳೆದು ಎದೆ ಭಾರವಾಯಿತು.

ಹೊರಗೆ ಬಿಸಿಲು ಏರಿತ್ತು. ಬೀದಿಗಳ ಹೆಸರು ಓದುತ್ತ ನಡೆದೆವು. ಮೆಂಡಿ ಎಂಬ ಹೆಸರಿನ ಬೀದಿ ಇದೆ. ಅದೊಂದು ಹಡಗು: ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ದುಡಿಯಲು ಹೊರಟಿದ್ದ ದಕ್ಷಿಣ ಆಫ್ರಿಕದ ಕಪ್ಪು ಜನರ ದಳವನ್ನು ಹೊತ್ತು 1917ರಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ಮುಳುಗಿ, ಆರುನೂರಕ್ಕೂ ಹೆಚ್ಚು ಜನ ಸತ್ತರು. ಅವರಿಗೆ ಬಂದೂಕು ಕೊಟ್ಟಿರಲಿಲ್ಲ, ಗುದ್ದಲಿ ಕೆಲಸಕ್ಕೆ ಕರೆದೊಯ್ದಿದ್ದರು.

ಹಾಸ್ಟೆಲುಗಳ ಕಡೆ ತಿರುಗಿದಾಗ ಟಾಟಾ ಸ್ವಲ್ಪ ನಿಧಾನವಾದರು. ಲಂಗಾ ಸಂಸಾರಗಳಿಗಾಗಿ ಕಟ್ಟಿದ ಊರಲ್ಲ. ಮನೆಗಳಿದ್ದವು, ಆದರೆ ಜಾಗದ ದೊಡ್ಡ ಪಾಲು ಒಂಟಿ ಗಂಡಸರ ಬ್ಯಾರಕ್ಕು, ಹಾಸ್ಟೆಲುಗಳದು. ನಗರಕ್ಕೆ ಬೇಕಿದ್ದದ್ದು ತೋಳುಗಳು ಮಾತ್ರ. ಹೆಂಡತಿ, ಮಕ್ಕಳು, ಮುದಿ ತಾಯಿ ಎಲ್ಲ ಹಳ್ಳಿಯಲ್ಲೇ ಇರಲಿ ಎಂಬುದು ಲೆಕ್ಕ. ಹನ್ನೊಂದು ತಿಂಗಳು ದುಡಿಮೆ, ವರ್ಷಕ್ಕೊಮ್ಮೆ ಊರು.

ಇಟ್ಟಿಗೆಯ ಉದ್ದನೆಯ ಕಟ್ಟಡವೊಂದರ ಒಳಗೆ ಹೋದೆವು. ಅಲ್ಲಿದ್ದ ಹೆಂಗಸರನ್ನು ಕೇಳಿಯೇ ಹೋದದ್ದು, ಆದರೂ ಬೇರೆಯವರ ಮಲಗುವ ಜಾಗಕ್ಕೆ ಹೀಗೆ ನೋಡಲೆಂದು ಬರುವುದು ಸರಿಯೇ ಎಂಬ ಅಳುಕು ನನಗೆ ಕೊನೆತನಕ ಹೋಗಲಿಲ್ಲ. ಫೋಟೋ ತೆಗೆಯಲಿಲ್ಲ. ನಡುವೆ ಒಂದು ಸಾಮಾನ್ಯ ಅಡುಗೆ ಜಾಗ, ಸಿಮೆಂಟಿನ ಮೇಜು. ಸುತ್ತ ಸಣ್ಣ ಕೋಣೆಗಳು. ಕೋಣೆಯೊಳಗೆ ಗೋಡೆಗೊಂದರಂತೆ ಮಂಚ. ಒಂದು ಮಂಚ ಒಬ್ಬ ಗಂಡಸಿಗೆ ಎಂದು ಕಟ್ಟಿದ್ದು. ಪಾಸ್ ಕಾನೂನು ಸಡಿಲಾಗುತ್ತ ಬಂದಂತೆ, ಅದಕ್ಕೂ ಮೊದಲೇ ಕದ್ದುಮುಚ್ಚಿ, ಹೆಂಡತಿಯರು ಬಂದರು, ಮಕ್ಕಳಾದವು. ಆಗ ಒಂದು ಮಂಚ ಒಂದು ಸಂಸಾರವಾಯಿತು. ಮಂಚದ ಕೆಳಗೆ ಪೆಟ್ಟಿಗೆ, ಮೇಲೆ ಸೂಟ್‌ಕೇಸು, ಗೋಡೆಯ ಮೊಳೆಗೆ ಶಾಲೆಯ ಸಮವಸ್ತ್ರ. ಮಕ್ಕಳು ರಾತ್ರಿ ಅಡುಗೆ ಜಾಗದ ನೆಲದ ಮೇಲೆ. ಯಾರ ಮಂಚ ಯಾರದು, ಯಾರು ಯಾವಾಗ ಒಲೆ ಹಚ್ಚಬೇಕು, ಜಗಳ ಬಂದರೆ ಯಾರು ಕೂತು ಬಗೆಹರಿಸಬೇಕು ಎಂಬುದಕ್ಕೆಲ್ಲ ಅವರವರೇ ಕಟ್ಟಳೆ ಮಾಡಿಕೊಂಡಿದ್ದರು. ಒಂದೇ ಹಳ್ಳಿ ಸೀಮೆಯವರು ಒಂದೇ ಕಟ್ಟಡದಲ್ಲಿ ಇರುವಂತೆ ನೋಡಿಕೊಳ್ಳುತ್ತಿದ್ದರಂತೆ. 1990ರ ದಶಕದಿಂದ ಈಚೆಗೆ ಅನೇಕ ಹಾಸ್ಟೆಲುಗಳನ್ನು ಒಡೆದು ಸಂಸಾರಕ್ಕೊಂದು ಮನೆಯಾಗಿ ಮಾರ್ಪಡಿಸಿದ್ದಾರೆ. ಎಲ್ಲವೂ ಆಗಿಲ್ಲ.

ಅಲ್ಲಿ ಮಗುವಿಗೆ ಗಂಜಿ ಉಣಿಸುತ್ತಿದ್ದ ಅಜ್ಜಿಯೊಬ್ಬರು ಟಾಟಾ ಮೂಲಕ ನನ್ನನ್ನು ಕೇಳಿದ್ದು, ನಿಮ್ಮ ಕಡೆ ಮನೆ ಬಾಡಿಗೆ ಎಷ್ಟು ಎಂದು. ಹೇಳಿದೆ. ಅವರು ಲೆಕ್ಕ ಹಾಕಿ, ಅಲ್ಲೂ ಹೀಗೇನಾ ಎಂದು ತಲೆಯಾಡಿಸಿದರು.

ಮುಂದೆ ಒಂದು ತೆರೆದ ಜಾಗ. 1960ರ ಮಾರ್ಚ್ 21ರ ಕಥೆ ಇಲ್ಲಿನ ನೆಲದಲ್ಲಿದೆ. ಅಂದು ದೇಶದುದ್ದಕ್ಕೂ ಜನ ಪಾಸ್ ಪುಸ್ತಕ ಮನೆಯಲ್ಲೇ ಬಿಟ್ಟು, ನಮ್ಮನ್ನು ಬಂಧಿಸಿ ಎಂದು ಠಾಣೆಗಳಿಗೆ ಹೋದರು. ಷಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ ಸರ್ಕಾರಿ ಲೆಕ್ಕದಲ್ಲೇ 69 ಜನ ಸತ್ತದ್ದು ಜಗತ್ತಿಗೆ ಗೊತ್ತು. ಅದೇ ಸಂಜೆ ಲಂಗಾದಲ್ಲಿ ಸೇರಿದ್ದ ಸಾವಿರಾರು ಜನರ ಮೇಲೂ ಗುಂಡು ಹಾರಿತು, ಇಲ್ಲೂ ಜನ ಸತ್ತರು. ಅದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಲಂಗಾದವರು ಕೆಲಸಕ್ಕೆ ಹೋಗುವುದನ್ನೇ ನಿಲ್ಲಿಸಿದರು. ಬಂದರು, ಹಾಲು, ಕಾರ್ಖಾನೆ ಎಲ್ಲ ತಡವರಿಸಿದವು.

ಮಾರ್ಚ್ 30ರ ಬೆಳಿಗ್ಗೆ ಪೊಲೀಸರು ಮನೆಗಳಿಗೆ ನುಗ್ಗಿ ಹೊಡೆಯತೊಡಗಿದಾಗ ಜನ ಹೊರಬಿದ್ದು ನಡೆಯತೊಡಗಿದರು. ಸುಮಾರು 30 ಸಾವಿರ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಮುಂದೆ ನಡೆದವನು 23 ವರ್ಷದ, ಓದುತ್ತಿದ್ದ ಹುಡುಗ, ಅರ್ಧ ಚಡ್ಡಿ ತೊಟ್ಟಿದ್ದ. ಬೆಟ್ಟದ ಬದಿಯ ರಸ್ತೆ ಹಿಡಿದು ಪೇಟೆಯ ಮಧ್ಯದ ಪೊಲೀಸ್ ಠಾಣೆಯ ತನಕ ಹೋದರು. ಪಾರ್ಲಿಮೆಂಟು ಅಲ್ಲಿಂದ ಕೂಗಳತೆ. ಒಂದು ಕಲ್ಲು ಬಿದ್ದಿದ್ದರೂ ರಕ್ತ ಹರಿಯುತ್ತಿತ್ತು. ಮಂತ್ರಿಯ ಭೇಟಿ ಮಾಡಿಸುತ್ತೇವೆ, ಜನರನ್ನು ಕಳಿಸಿ ಎಂದು ಪೊಲೀಸ್ ಅಧಿಕಾರಿ ಮಾತು ಕೊಟ್ಟರು. ಹುಡುಗ ನಂಬಿ ಜನರನ್ನು ಹಿಂದಕ್ಕೆ ಕಳಿಸಿದ. ಸಂಜೆ ಭೇಟಿಗೆ ಹೋದವನನ್ನು ಹಿಡಿದು ಒಳಗೆ ಹಾಕಿದರು. ಅದೇ ದಿನ ತುರ್ತು ಪರಿಸ್ಥಿತಿ. ಆಮೇಲೆ ಲಂಗಾದ ಸುತ್ತ ಪೊಲೀಸರು, ಸೈನಿಕರು ನಿಂತು ಮುಷ್ಕರ ಮುರಿಯುವ ತನಕ ಊರನ್ನು ಬಿಗಿದರು. ಬೆಳಿಗ್ಗೆ ಎಣಿಸಿದ ಆ ದಾರಿಗಳ ಅರ್ಥ ನನಗೆ ಪೂರ್ತಿ ಆದದ್ದು ಈಗ. ಮೂವತ್ತು ವರ್ಷಕ್ಕೂ ಹಿಂದೆ ಬರೆದ ನಕ್ಷೆ ಅಂದು ಅದರ ಕೆಲಸ ಮಾಡಿತು. ಅವರು ನಡೆದ ಬೆಟ್ಟದ ಬದಿಯ ರಸ್ತೆಗೆ 2017ರಲ್ಲಿ ಆ ಹುಡುಗನ ಹೆಸರಿಟ್ಟಿದ್ದಾರೆ.

ಕಥೆ ಹೇಳಿ ಮುಗಿಸಿದ ಟಾಟಾಗೆ ಬಾಯಾರಿಕೆ. ಬೀದಿ ಬದಿಯಲ್ಲಿ ಹೆಂಗಸರು ಕುರಿಯ ತಲೆಗಳನ್ನು ಕೆಂಡದಲ್ಲಿ ಸುಡುತ್ತಿದ್ದರು. ಕಾದ ಕಬ್ಬಿಣದಿಂದ ಕೂದಲು ಹೆರೆದು, ದೊಡ್ಡ ಪಾತ್ರೆಯಲ್ಲಿ ಬೇಯಿಸಿ ಎರಡು ಹೋಳು ಮಾಡಿ ಕೊಡುತ್ತಾರೆ. ಹೊಗೆಯ ವಾಸನೆ ಬೀದಿಗೆಲ್ಲ. ಪಕ್ಕದ ತಗಡಿನ ಮನೆಯಲ್ಲಿ ಜೋಳದ ಹುಳಿ ಮದ್ಯ. ಒಂದೇ ಡಬ್ಬಿ ಕೈಯಿಂದ ಕೈಗೆ ದಾಟುತ್ತದೆ, ಮಂಡಿಯೂರಿ ಕುಡಿಯುವುದು ಮರ್ಯಾದೆ. ಇದನ್ನು ಮನೆಯಲ್ಲಿ ಮಾಡುವುದು ಒಂದು ಕಾಲಕ್ಕೆ ಅಪರಾಧವಾಗಿತ್ತು. ಮದ್ಯ ಮಾರಿ ಮಕ್ಕಳನ್ನು ಓದಿಸಿದ ತಾಯಂದಿರ ಕಥೆ ಈ ಬೀದಿಯ ಅರ್ಧ ಮನೆಗಳಲ್ಲಿದೆ, ಪೊಲೀಸರು ಬಂದಾಗ ಮಡಕೆಯನ್ನು ನೆಲದಲ್ಲಿ ಹೂತಿಡುತ್ತಿದ್ದ ಕಥೆಯೂ. ಟಾಟಾ ತಮ್ಮ ತಾಯಿಯ ವಿಷಯ ಹೇಳಲು ಶುರುಮಾಡಿ, ಮಾತು ಬದಲಿಸಿದರು. ನಾನು ಕೇಳಲಿಲ್ಲ.

ಆಮೇಲಿನ ಬೀದಿಗಳು ಬೇರೆ ಥರ. ಸುಣ್ಣ ಬಣ್ಣದ ಒಳ್ಳೆಯ ಮನೆಗಳು, ಕಾಂಪೌಂಡು, ಗೇಟಿನೊಳಗೆ ಕಾರು. ಊರಿನವರು ಈ ಭಾಗವನ್ನು ಬೆವರ್ಲಿ ಹಿಲ್ಸ್ ಎನ್ನುತ್ತಾರೆ. ಡಾಕ್ಟರು, ಟೀಚರು, ವ್ಯಾಪಾರಿಗಳ ಮನೆಗಳು. ಎಲ್ಲಿಗೆ ಬೇಕಾದರೂ ಹೋಗಬಹುದಾದ ಈ ಕಾಲದಲ್ಲೂ ಇಲ್ಲೇ ಉಳಿದವರು. ಹಾಸ್ಟೆಲಿನಿಂದ ಇಲ್ಲಿಗೆ ಕೆಲವು ನಿಮಿಷದ ನಡಿಗೆ. ಟೌನ್‌ಶಿಪ್ ಎಂದರೆ ಬರೀ ತಗಡು ಎಂದು ತಿಳಿದು ಬಂದವರು ಇಲ್ಲಿ ನಿಂತು ನೋಡಬೇಕು.

ಅಡ್ಡರಸ್ತೆಯೊಂದರಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ದಕ್ಷಿಣ ಆಫ್ರಿಕ ತಂಡಕ್ಕೆ 2025ರಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಶಿಪ್ ಗೆದ್ದುಕೊಟ್ಟ ನಾಯಕ ಹುಟ್ಟಿ ಬ್ಯಾಟು ಹಿಡಿದದ್ದು ಇದೇ ಲಂಗಾದ ಬೀದಿಗಳಲ್ಲಿ. ಡಾಂಬರು ಚೆನ್ನಾಗಿದ್ದ ಕಡೆಗೆ ಲಾರ್ಡ್ಸ್ ಎಂದು ಹೆಸರಿಟ್ಟುಕೊಂಡು ಆಡುತ್ತಿದ್ದೆವು ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಗೆಲುವು ಬಂದದ್ದೂ ಲಾರ್ಡ್ಸ್‌ನಲ್ಲೇ. ಯಾವ ಬೀದಿ ಅದು ಎಂದು ಹುಡುಗರನ್ನು ಕೇಳಿದರೆ ಒಬ್ಬೊಬ್ಬ ಒಂದೊಂದು ಕಡೆ ಕೈ ತೋರಿಸಿದ.

ಹೆದ್ದಾರಿಯ ಪಕ್ಕಕ್ಕೆ ಬಂದಾಗ ಮತ್ತೆ ಆ ಹೊಸ ವಸತಿ ಕಟ್ಟಡಗಳು. ಇವು ನಿಂತಿರುವ ಕಡೆ 1990ರ ದಶಕದಿಂದ ದೊಡ್ಡ ಗುಡಿಸಲು ವಸತಿ ಬೆಳೆದಿತ್ತು. ಹಾಸ್ಟೆಲಿನಲ್ಲಿ ಜಾಗ ಸಾಲದವರು, ಹಳ್ಳಿಯಿಂದ ಹೊಸದಾಗಿ ಬಂದವರು ಕಟ್ಟಿಕೊಂಡದ್ದು. 2005ರ ಜನವರಿಯಲ್ಲಿ ಬೆಂಕಿ ಬಿದ್ದು ಸುಮಾರು 12 ಸಾವಿರ ಜನ ನೆಲೆ ಕಳೆದುಕೊಂಡರು. ಹೆದ್ದಾರಿಯುದ್ದಕ್ಕೂ ಒಳ್ಳೆಯ ಮನೆ ಕಟ್ಟುವ ಯೋಜನೆ ಬಂತು. ಅದಕ್ಕಾಗಿ ಗುಡಿಸಲಿನವರು ಊರಿಂದ ಇನ್ನೂ ಹೊರಗಿರುವ ಡೆಲ್ಫ್ಟ್‌ನ ತಾತ್ಕಾಲಿಕ ಶೆಡ್ಡುಗಳಿಗೆ ಹೋಗಬೇಕು ಎಂದಾಯಿತು. ಕಟ್ಟಿದ ಮನೆಗಳ ಬಾಡಿಗೆ ನಮ್ಮ ಕೈಗೆ ಎಟುಕುವುದಿಲ್ಲ, ಹೋದವರು ವಾಪಸು ಬರುವುದಿಲ್ಲ ಎಂದು 2007ರಲ್ಲಿ ಜನ ಹೆದ್ದಾರಿಗೇ ಅಡ್ಡ ಕೂತರು. ವ್ಯಾಜ್ಯ ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಯಿತು. 2009ರಲ್ಲಿ ಸುಮಾರು 20 ಸಾವಿರ ಜನರನ್ನು ಸ್ಥಳಾಂತರಿಸಲು ಕೋರ್ಟು ಒಪ್ಪಿತು, ಹೊಸ ಮನೆಗಳಲ್ಲಿ ನೂರಕ್ಕೆ 70ನ್ನು ಅವರಿಗೇ ಕೊಡಬೇಕು ಎಂಬ ಷರತ್ತಿನೊಂದಿಗೆ. ಸರ್ಕಾರ ಆ ಆದೇಶವನ್ನು ಜಾರಿಗೆ ತರಲೇ ಇಲ್ಲ. 2011ರಲ್ಲಿ ಕೋರ್ಟು ತನ್ನ ಆದೇಶವನ್ನೇ ಹಿಂದಕ್ಕೆ ಪಡೆಯಿತು.

ಇಲ್ಲಿ ನನ್ನ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. 1901ರ ಸರ್ಕಾರಕ್ಕೂ ಇವರೇ ಆರಿಸಿದ ಸರ್ಕಾರಕ್ಕೂ ಅಜಗಜಾಂತರ. ಮನೆ ಕಟ್ಟಬೇಕೆಂಬ ಉದ್ದೇಶ ಸುಳ್ಳಲ್ಲ, ಕಟ್ಟಿದ ಮನೆಗಳು ಕಣ್ಣೆದುರಿಗಿವೆ. ಆದರೆ ನಿಮ್ಮ ಒಳ್ಳೆಯದಕ್ಕೇ ಎದ್ದು ಆಚೆ ಹೋಗಿ ಎಂಬ ಮಾತನ್ನು ಈ ಊರಿನ ಅಜ್ಜಿ, ತಾಯಿ, ಮಗಳು ಮೂವರೂ ಕೇಳಿದ್ದಾರೆ. ಅವರು ಕಾಗದ ಕೇಳದೆ ನಂಬಲಿಲ್ಲ ಎಂದರೆ ಅದು ಹಟವಲ್ಲ, ಅನುಭವ.

ಕೊನೆಗೆ ರೈಲು ಹಳಿಯ ಬಳಿ ಬಂದೆವು. 2019ರ ಕೊನೆಯಲ್ಲಿ ಈ ಮಾರ್ಗದ ರೈಲು ನಿಂತುಹೋಗಿತ್ತು. ತಂತಿ, ಸಲಕರಣೆ ಕಳವಾಗಿ ಓಡಿಸುವಂತಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಬಾಡಿಗೆ ಕೊಡಲಾಗದವರು ಬಂದು ಹಳಿಗಳ ಮೇಲೆಯೇ ಗುಡಿಸಲು ಹಾಕಿದರು. ಮತ್ತೊಂದು ರೋಗದ ಕಾಲದಲ್ಲಿ ಮತ್ತೊಮ್ಮೆ ನೆಲೆ ತಪ್ಪಿದವರು.

ಈ ಹಳಿಗಳ ದಿಕ್ಕಿನಲ್ಲೇ ಮುಂದೆ ಸಿಗುವುದು ಪೈನ್‌ಲ್ಯಾಂಡ್ಸ್. ಅದೂ ಅದೇ ಯೂಟ್‌ಫ್ಲುಖ್ಟ್ ಅರಣ್ಯ ಜಮೀನಿನಲ್ಲಿ, 1919ರಲ್ಲಿ, ಬಿಳಿಯರಿಗಾಗಿ ಶುರುವಾದ ಉದ್ಯಾನ ಬಡಾವಣೆ. ಇಂಗ್ಲೆಂಡಿನ ಉದ್ಯಾನನಗರಗಳ ಮಾದರಿ, ಹುಲ್ಲಿನ ಮಾಡಿನ ಚೆಂದದ ಮನೆಗಳು, ಮರಗಳ ಸಾಲು. 1918ರ ಅದೇ ಇನ್‌ಫ್ಲುಯೆಂಜಾ ಆ ಬಡಾವಣೆಯ ಕಲ್ಪನೆಗೂ ಪ್ರೇರಣೆ: ಜನ ಗಾಳಿ ಬೆಳಕಿನಲ್ಲಿ ಬದುಕಬೇಕು ಎಂದು. ಒಂದೇ ರೋಗ, ಒಂದೇ ಜಮೀನು. ಒಬ್ಬರಿಗೆ ತೋಟ, ಇನ್ನೊಬ್ಬರಿಗೆ ಬ್ಯಾರಕ್ಕು. ಇವೆರಡರ ನಡುವೆ ನೇರವಾಗಿ ನಡೆದು ಹೋಗಲು ದಾರಿ ಎಲ್ಲಿದೆ ಎಂದು ಕೇಳಿದೆ. ಟಾಟಾ ಒಂದು ಬಳಸುದಾರಿ ವಿವರಿಸಿದರು: ಬಯಲು ಸುತ್ತಿ, ಹಳಿ ದಾಟಿ. ಸ್ಥಾವರದ ತಂಪುಗೋಪುರಗಳನ್ನು 2010ರ ಆಗಸ್ಟ್‌ನಲ್ಲಿ ಸಿಡಿಮದ್ದಿಟ್ಟು ಕೆಡವಿದ ಮೇಲೆ ಆ ಬಯಲಿನಲ್ಲಿ ರಸ್ತೆ ಹಾಕಿ ಎರಡು ಊರನ್ನೂ ಸೇರಿಸಬಹುದಲ್ಲ ಎಂದು ಅವರ ಆಸೆ. “ಕಾನೂನು ತೆಗೆಯೋದು ಕಾಗದದ ಕೆಲಸ. ಇಲ್ಲಿ ರಸ್ತೆ ಬೇಕು” ಎಂದು ಆ ಬಯಲಿನ ಕಡೆ ಕೈ ಮಾಡಿ, ಎಲ್ಲಿಂದ ಎಲ್ಲಿಗೆ ಹಾಕಬೇಕು, ಬಸ್ಸು ಎಲ್ಲಿ ನಿಲ್ಲಬೇಕು, ಶಾಲೆ ಮಕ್ಕಳು ಎಲ್ಲಿ ದಾಟಬೇಕು ಎಂದು ಒಂದೊಂದಾಗಿ ಹೇಳತೊಡಗಿದರು.